ಬೆಳಗ್ಗೆ 6ಕ್ಕೆ ಸರಿಯಾಗಿ ಬನ್ನಿ

ಅಕ್ಟೋಬರ್ 12, ವಿಶ್ವ ಆರ್ಥರೈಟಿಸ್ ದಿನ. ಎಲ್ಲ ಕಡೆ ಇದ್ದ ಹಾಗೆ ನಮ್ಮ ಬಡಾವಣೆಯಲ್ಲೂ ಜಾಗೃತಿ ನಡಿಗೆ ಇತ್ತು. ಪಾಂಪ್ಲೆಟ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು: ‘ಬೆಳಗ್ಗೆ 6ಕ್ಕೆ ಸರಿಯಾಗಿ ಬನ್ನಿ. ಮೊದಲು ಬಂದವರಿಗೆ ಟೀ-ಶರ್ಟ್.’

ಇದನ್ನು ಯೋಚಿಸಿದ ಪುಣ್ಯಾತ್ಮನಿಗೆ ಶಾಲು ಹೊದಿಸಲೇಬೇಕು. ರುಮಟಾಯ್ಡ್ ಆರ್ಥರೈಟಿಸ್, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಎರಗುವ ಕಾಯಿಲೆ, ಇದ್ದವರ ಕೈಕಾಲು ಬೆಳಗ್ಗೆ ಎದ್ದಾಗ ಕೊರಡಿನ ಹಾಗೆ ಸೆಟೆದುಕೊಂಡಿರುತ್ತೆ. ಸಡಿಲ ಆಗೋಕೆ ಒಂದು ಗಂಟೆಯೋ, ಇನ್ನೂ ಜಾಸ್ತಿಯೋ ಬೇಕು. ಅಂಥವರಿಗೆ 6ಕ್ಕೆ ಬಂದು ಟೀ-ಶರ್ಟ್ ಗೆಲ್ಲಿ ಅನ್ನೋದು, ಏಕಾದಶಿ ದಿನ ಬಿಟ್ಟಿ ಬಾಡೂಟ ಇಟ್ಟ ಹಾಗೆ.

ನಮ್ಮಕ್ಕನಿಗೆ ಇದು ಶುರುವಾದಾಗ 38 ವರ್ಷ. ಬೆಳಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದಳು. ಕತ್ತರಿ ಹಿಡಿಯೋಕೆ ಬೆರಳು ಮಡಚುತ್ತಿರಲಿಲ್ಲ. ಮೊದಲ ಡಾಕ್ಟರು ‘ವಯಸ್ಸಾಯ್ತಲ್ಲಮ್ಮಾ’ ಅಂದರು. ಎರಡನೆಯವರು ಕ್ಯಾಲ್ಸಿಯಂ ಬರೆದರು. ಆಮೇಲೆ ಬಂಧುಬಳಗ ಕೇಸನ್ನು ಕೈಗೆತ್ತಿಕೊಂಡಿತು.

ಆಲೂಗಡ್ಡೆ ವಾಯು, ಬಿಡು. ಬದನೆಕಾಯಿ ನಂಜು, ಬಿಡು. ಮೊಸರು ಶೀತ. ಹೀಗೆ ಬಿಡುತ್ತಾ ಬಿಡುತ್ತಾ ತಟ್ಟೆಯಲ್ಲಿ ಗಂಜಿ, ಉಪ್ಪಿನಕಾಯಿ ಉಳಿಯಿತು. ಉಪ್ಪಿನಕಾಯಿಯೂ ಬೇಡ ಅಂದರು ಚಿಕ್ಕಮ್ಮ. ಸೋದರಮಾವ ತಾಮ್ರದ ಬಳೆ ತಂದರು. ಊದಿದ ಕೈಗೆ ಅದು ಏರಲಿಲ್ಲ. ‘ಸೋಪು ಹಚ್ಚಿ ನೋಡೇ’ ಅಂದರು. ಫ್ಯಾಮಿಲಿ ಗ್ರೂಪಿನಲ್ಲಿ ಎಣ್ಣೆಯ ವೀಡಿಯೊ ಬಂತು. ಅದರಲ್ಲಿ ಒಬ್ಬ ಅಜ್ಜಿ, ಎಣ್ಣೆ ಹಚ್ಚಿದ 7ನೇ ದಿನಕ್ಕೆ ಕುಂಟಾಬಿಲ್ಲೆ ಆಡುತ್ತಾಳೆ. ಮಂಡಿ ಸವೆಯುವುದೇ ಬೇರೆ, ಮೈ ಕಾಯಬೇಕಾದ ಕಾವಲುಗಾರನೇ ತಿರುಗಿಬಿದ್ದು ಕೀಲು ಕಡಿಯುವುದೇ ಬೇರೆ ಅಂತ ಆ ಎಣ್ಣೆಗೆ ಯಾರು ಹೇಳೋದು?

ನಡಿಗೆಯ ಮುಖ್ಯ ಅತಿಥಿಗಳು ‘ರುಮಟಾಯ್ಡ್ ಅಪರೂಪದ ಕಾಯಿಲೆ, ಭಯ ಬೇಡ’ ಅಂದರಂತೆ. ಸರಿ, ಲೆಕ್ಕ ನೋಡೋಣ. ಅಮೆರಿಕದ ಮಿನೆಸೋಟಾದಲ್ಲಿ ಓಲ್ಮ್‌ಸ್ಟೆಡ್ ಅಂತ ಒಂದು ಕೌಂಟಿ ಇದೆ. ಅಲ್ಲಿ ಹೊಸ ಕೇಸುಗಳನ್ನು ದಶಕಗಳಿಂದ ಎಣಿಸುತ್ತಾ ಬಂದಿದ್ದಾರೆ. 1995ರಿಂದ 2007ರವರೆಗಿನ ಲೆಕ್ಕದಲ್ಲಿ, ಲಕ್ಷ ವಯಸ್ಕರಿಗೆ ವರ್ಷಕ್ಕೆ ಸುಮಾರು 40 ಹೊಸಬರು. ಬರೀ 40! ಒಂದು ಕೆಂಪು ಬಸ್ಸಿಗೆ ಸರಿಹೋಯ್ತು. ಆದರೆ ಈ ಬಸ್ಸು ಹತ್ತಿದವರು ಸುಲಭಕ್ಕೆ ಇಳಿಯೋದಿಲ್ಲ. ಮುಂದಿನ ವರ್ಷ ಇನ್ನೊಂದು ಬಸ್ಸು ಬರುತ್ತೆ. ಅದರಾಚೆ ವರ್ಷ ಮತ್ತೊಂದು. ಶಕ್ತಿ ಯೋಜನೆ ಬರುವುದಕ್ಕೆ ಎಷ್ಟೋ ಮೊದಲಿನಿಂದ ಇದರಲ್ಲಿ ಹೆಂಗಸರೇ ಜಾಸ್ತಿ. ಅದೇ ಕೌಂಟಿಯ ಅಂದಾಜಿನಂತೆ ಜೀವಮಾನದಲ್ಲಿ ಹೆಂಗಸರಲ್ಲಿ 28ಕ್ಕೆ ಒಬ್ಬರು, ಗಂಡಸರಲ್ಲಿ 59ಕ್ಕೆ ಒಬ್ಬರು ಹತ್ತುತ್ತಾರೆ.

ಅಮೆರಿಕ ಬಿಡಿ. ದೆಹಲಿ ಪಕ್ಕದ ಬಲ್ಲಭಗಢದ ಹಳ್ಳಿಗಳ ಸಮೀಕ್ಷೆ 1993ರಲ್ಲೇ ಅಚ್ಚಾಗಿದೆ. ಅಲ್ಲಿ ವಯಸ್ಕರಲ್ಲಿ ಶೇ 0.75 ಮಂದಿಗೆ ಈ ಕಾಯಿಲೆ ಇತ್ತು. ಅಂದರೆ ಸಾವಿರ ಎಲೆ ಬೀಳುವ ಮದುವೆಮನೆಯಲ್ಲಿ ಏಳೆಂಟು ಜನ ಅನ್ನ ಕಲಸೋಕೆ ಒದ್ದಾಡುತ್ತಿರುತ್ತಾರೆ. ಅಪರೂಪ ಅಂತೆ!

ತಮಾಷೆ ಸಾಕು. ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧಿ ಶುರುವಾದರೆ ಕೀಲು ಉಳಿಸಿಕೊಳ್ಳಬಹುದು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ದುಬಾರಿ ಮಾತ್ರೆಯೂ ಅಲ್ಲ. ಅಕ್ಕನಿಗೆ ಅದು ಸಿಕ್ಕಿದ್ದು ಎರಡು ವರ್ಷ ಆದ ಮೇಲೆ. ಅಷ್ಟರಲ್ಲಿ ಎರಡು ಬೆರಳು ಸೊಟ್ಟಗಾಗಿದ್ದವು. ಆ ಎರಡು ವರ್ಷ ಮನೆಯಲ್ಲಿ ಎಲ್ಲರೂ ಅವಳನ್ನು ಸೋಮಾರಿ ಅಂದರು. ನಾನೂ ಅಂದಿದ್ದೆ.

ಮೊನ್ನೆ ಹಠ ಮಾಡಿ ಅಕ್ಕನೂ ನಡಿಗೆಗೆ ಹೊರಟಳು. ನಾವು ತಲುಪಿದಾಗ ಎಂಟೂವರೆ. ಬ್ಯಾನರ್ ಸುತ್ತುತ್ತಿದ್ದರು. ಟೀ-ಶರ್ಟ್ ಖಾಲಿ. ಸ್ವಯಂಸೇವಕ ಹುಡುಗ ಉಳಿದಿದ್ದ ಒಂದು ನೀರಿನ ಬಾಟಲಿ ಕೊಟ್ಟು, ‘ಆಂಟಿ, ಇನ್ಮೇಲೆ ಸ್ವಲ್ಪ ಬೇಗ ಏಳಿ, ಆರೋಗ್ಯಕ್ಕೆ ಒಳ್ಳೇದು’ ಅಂದ.

ಅಕ್ಕ ನಕ್ಕು, ಬಾಟಲಿಯನ್ನು ನನ್ನ ಕೈಗಿಟ್ಟಳು. ಮುಚ್ಚಳ ತೆಗೆದುಕೊಡೋ ಅಂತ.