ಹದಿನಾಲ್ಕೋ ನಲವತ್ತೋ

ತೈವಾನಿನ ತೈಪೆಗೆ ಬಂದು ಚೈನೀಸ್ ಕಲಿಯೋಕೆ ಶುರು ಮಾಡಿ ಒಂದೂವರೆ ವರ್ಷ ಆಯ್ತು. ಊರಿಂದ ಫೋನ್ ಮಾಡೋರೆಲ್ಲ ಕೇಳೋದು ಎರಡೇ, ಊಟಕ್ಕೆ ಏನ್ಮಾಡ್ತೆ, ಆ ಅಕ್ಷರ ತಲೆಗೆ ಹತ್ತುತ್ತಾ ಅಂತ. ಊಟದ ಚಿಂತೆ ಇಲ್ಲ ಮಾರಾಯ್ರೆ, "ವೊ ಛ ಸೂ" ಅಂದ್ರೆ ಸಾಕು ಸಸ್ಯಾಹಾರಿ ಅಂತ ಗೊತ್ತಾಗತ್ತೆ, ಸಸ್ಯಾಹಾರಿ ಬಫೆಗಳಲ್ಲಿ ಬೇಕಾದ್ದು ಹಾಕ್ಕೊಂಡು ತಕ್ಕಡಿ ಮೇಲಿಟ್ರೆ ತೂಕ ನೋಡಿ ದುಡ್ಡು ಹೇಳ್ತಾರೆ, ಬೌದ್ಧ ಪದ್ಧತಿ ಪಾಲಿಸೋ ಕಡೆ ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ನಮ್ಮಜ್ಜಿ ಬಂದ್ರೂ ನೆಮ್ಮದಿಯಾಗಿ ಉಣ್ತಿದ್ರು.

ಅಕ್ಷರದ ಕಥೆನೇ ಮಜಾ. ಇಲ್ಲಿ ಮಕ್ಕಳಿಗೆ ಮೊದಲು ಕಲಿಸೋದು 37 ಚಿಹ್ನೆಗಳ ಝೂಯಿನ್, ಉಚ್ಚಾರಕ್ಕೆ ಅಂತಲೇ ಇರೋದು. ಅದು ಶುರುವಾಗೋದೇ ಪೊ, ಫೊ, ಮೊ ಅಂತ, ಆಮೇಲೆ ತ ಥ ನ ಲ, ಆಮೇಲೆ ಕ ಖ ಹ. ಒಂದನೇ ಕ್ಲಾಸಿನ ಅಕ್ಷರಮಾಲೆ ಪಟ್ಟೀನ ಯಾರೋ ಹಿಂದುಮುಂದು ಮಾಡಿ ನೇತು ಹಾಕಿದಂಗಿತ್ತು! "ತೂತ್ಸ ಪಾವ್ಲ" ಅಂದ್ರೆ ಹೊಟ್ಟೆ ತುಂಬ್ತು, "ಥೂತ್ಸ ಫಾವ್ಲ" ಅಂದ್ರೆ ಮೊಲ ಓಡಿಹೋಯ್ತು. ಇಂಗ್ಲಿಷ್ ಮಾತ್ರ ಬರೋ ಹುಡುಗ್ರಿಗೆ ಟೀಚರ್ ಬಾಯಿ ಮುಂದೆ ಕಾಗದ ಹಿಡಿದು ಉಸಿರು ಬಿಡಿಸ್ತಿದ್ರು, ನಾನು ಮಹಾಪ್ರಾಣದ ಜಂಬದಲ್ಲಿ ಹಿಂದಿನ ಬೆಂಚಲ್ಲಿ ಕೂತಿದ್ದೆ.

ಆ ಜಂಬ ಇಳಿದಿದ್ದು ಸಂತೇಲಿ. ಕ್ಲಾಸಲ್ಲಿ ನಾಲಿಗೆ ಮಡಚಿ ಷ ಅನ್ನಿ ಅಂತ ತಿದ್ದಿ ತಿದ್ದಿ ಹೇಳಿಕೊಟ್ಟಿರ್ತಾರೆ, ಬೀದಿಗೆ ಬಂದ್ರೆ ಎಷ್ಟೋ ಜನ ಷ ಅನ್ನೋದನ್ನ ಸ ಅಂತಲೇ ಆಡ್ತಾರೆ. ನಾಲ್ಕು ಅಂದ್ರೆ ಸ, ಹತ್ತು ಅಂದ್ರೆ ಷ, ಅಂದ್ರೆ ಅದೂ ಸ. ಸೊಪ್ಪು ಮಾರೋ ಆಂಟಿ (ಇಲ್ಲಿ ಅವ್ರನ್ನ ಆಯಿ ಅಂತ ಕರೀತಾರೆ, ನಮ್ಮ ಕಡೆ ಹವ್ಯಕರ ಮನೇಲಿ ಅಮ್ಮನ್ನ ಕರ್ದಂಗೇ) "ಸ-ಸ" ಅಂದ್ರು. ದನಿ ಇಳಿದು ಏರಿದ್ರೆ ನಾಲ್ಕು-ಹತ್ತು, ಅಂದ್ರೆ ನಲವತ್ತು, ಏರಿ ಇಳಿದ್ರೆ ಹತ್ತು-ನಾಲ್ಕು, ಅಂದ್ರೆ ಹದಿನಾಲ್ಕು. ನಾನು ಎಣಿಸಿ ಹದಿನಾಲ್ಕು ತೈವಾನ್ ಡಾಲರ್ ಚಿಲ್ಲರೆ ಕೊಟ್ಟೆ. ಅವ್ರು ನಕ್ಕು ನಾಲ್ಕು ಬೆರಳು ತೋರಿಸಿದ್ರು, ಹಿಂದಿದ್ದೋರೂ ನಕ್ರು, ನನಗೆ ಬಂದಿದ್ದು ಒಂದೇ ಮಾತು "ಪು ಹಾವ್ ಈ ಸ", ಅಂದ್ರೆ ನಾಚಿಕೆ ಆಯ್ತು, ಕ್ಷಮಿಸಿ, ಸ್ವಲ್ಪ ದಾರಿ ಬಿಡಿ, ಎಲ್ಲಾನೂ.

ರೂಮಿಗೆ ಬಂದು ಮೊದಲು ಸಿಟ್ಟು ಬಂತು, ಇವ್ರಿಗೆ ಸರಿಯಾಗಿ ಮಾತಾಡೋಕೆ ಏನು ಕಷ್ಟ ಅಂತ. ಹೀಗೆ ಅನ್ಕೊಂಡೋನು ಯಾರು ಅಂದ್ರೆ ಬೋರ್ಡಲ್ಲಿ ಶಿರಸಿ ಅಂತ ಬರ್ದಿರೋ ಊರನ್ನ ಹುಟ್ಟಿದಾಗಿಂದ ಸಿರ್ಸಿ ಅಂತಲೇ ಕರ್ಕೊಂಡು ಬಂದೋನು. ಅಕ್ಕಿನ ಹಕ್ಕಿ ಅಂದ್ರು, ಹಾಲನ್ನ ಆಲು ಅಂದ್ರು ಅಂತ ಆ್ಯಂಕರ್‌ಗಳ ವಿಡಿಯೋ ಶೇರ್ ಮಾಡಿ ನಗ್ತಿದ್ದೋನೂ ನಾನೇ, ಹಳೇ ಪೋಸ್ಟ್ ಹುಡುಕಿದ್ರೆ ಸಿಗತ್ತೆ, ಬೇಡ ಹುಡುಕಬೇಡಿ. ನನ್ನ ಪ್ರಕಾರ ಕ್ಲಾಸಿನ ಭಾಷೆ ಪರೀಕ್ಷೆಗೆ, ಊರಲ್ಲಿ ಇರೋಕೆ ಆಯಿಯ ಸ ಬೇಕು. ಟೀಚರ್ ಒಪ್ಪಲ್ಲ, ಅವ್ರ ಜೊತೆ ವಾದಿಸೋಷ್ಟು ಚೈನೀಸ್ ನಂಗಿನ್ನೂ ಬರಲ್ಲ.

ಹೊಂದ್ಕೊಂಡಿದ್ದಕ್ಕೆ ಮಳೆನೂ ಕಾರಣ ಅನ್ನಿ. ಬಟ್ಟೆಗೆ ಬೂಸ್ಟು ಹಿಡಿಯೋದು ಥೇಟ್ ನಮ್ಮ ಮಲೆನಾಡೇ, ಆದ್ರೆ ಇಲ್ಲಿ ಮನೆಮನೇಲಿ ತೇವ ಹೀರೋ ಮಿಷನ್ ಇದೆ, ಸಂಜೆಗೆ ಒಂದು ಡಬ್ಬಿ ನೀರು ಚೆಲ್ಲಬೇಕು. ಅಮ್ಮಂಗೆ ಒಂದು ಒಯ್ಬೇಕು.

ನಿಜವಾದ ಕ್ಲಾಸು ಮಾತ್ರ ಕಸದ ಗಾಡಿ ಹತ್ರ. ಇಲ್ಲಿ ಕಸ ಬೀದೀಲಿ ಇಡಂಗಿಲ್ಲ, ದುಡ್ಡು ಕೊಟ್ಟು ತಂದ ನೀಲಿ ಚೀಲದಲ್ಲಿ ತುಂಬ್ಕೊಂಡು ಕಾಯ್ಬೇಕು, ಗಾಡಿ ಬೀಥೋವನ್ ಟ್ಯೂನ್ ಹಾಕ್ಕೊಂಡು ಬರತ್ತೆ. ಆ ಹತ್ತು ನಿಮಿಷದಲ್ಲಿ ಬೀದಿಯ ಸುದ್ದಿ ಎಲ್ಲ ಅಲ್ಲೇ, ಯಾರ ಸೊಂಟ ನೋವು, ಯಾರ ಮಗ ಕೆಲಸ ಬಿಟ್ಟ, ನೀನು ಯಾಕೆ ತೆಳ್ಳಗಾಗಿದೀಯ. ಅರ್ಧ ಅರ್ಥ ಆಗತ್ತೆ, ಉಳಿದರ್ಧಕ್ಕೆ ತಲೆ ಆಡಿಸ್ತೀನಿ. ಬುಧವಾರ, ಭಾನುವಾರ ಗಾಡಿ ಬರಲ್ಲ. ಆ ಎರಡು ದಿನ ಸಂಜೆ ಏನೋ ಬಿಕೋ ಅನ್ಸತ್ತೆ.