ಬಿಸಿಲಲ್ಲಿ ವೈಪರ್

ನಮ್ಮ ಮನೆ ಮುಂದೆ ಎರಡು ಕಾರು ನಿಂತಿವೆ. ಒಂದು ಅಪ್ಪಾಜಿ ಬಿಟ್ಟುಹೋದ 1987ರ ಪ್ರೀಮಿಯರ್ ಪದ್ಮಿನಿ, ಇನ್ನೊಂದು ನಾನು ಕೊಂಡ 2004ರ ಮಾರುತಿ 800. ಎರಡನ್ನೂ ಮಾರಿದರೆ ಒಂದು ಎಮ್ಮೆಯಾದರೂ ಬರುತ್ತದೆ ಅನ್ನೋದು ನನ್ನವಳ ಲೆಕ್ಕ. ಎಮ್ಮೆ ಹಾಲು ಕೊಡುತ್ತೆ, ಅಲ್ವಾ?

ಪದ್ಮಿನಿಯನ್ನು ಓಣಿಯಲ್ಲಿ ಯಾರೂ ಆ ಹೆಸರಿಂದ ಕರೆಯಲ್ಲ. ತಯಾರಾಗಿದ್ದು ಮುಂಬೈನ ಕುರ್ಲಾದಲ್ಲಾದರೂ ಅಚ್ಚು ಇಟಲಿಯ ಫಿಯಟ್ 1100ರದ್ದು. ಹಾಗಾಗಿ ಎಲ್ಲರಿಗೂ ಅದು ‘ಸಾಹೇಬ್ರ ಫಿಯಟ್ಟು’.

ಹೋದ ಮೇ ತಿಂಗಳು ಅದರಲ್ಲೇ ಬಾಗಲಕೋಟೆಗೆ ಮದುವೆಗೆ ಹೊರಟೆವು. ಕೊಲ್ಹಾರ ಇನ್ನೂ ದೂರ ಇತ್ತು. ಗಾಡಿ ಎರಡು ಸಲ ಬಿಕ್ಕಳಿಸಿ ನಿಂತಿತು. ಇದರ ಪೆಟ್ರೋಲ್ ಪಂಪು ಎಂಜಿನ್ ಮೈಗೇ ಅಂಟಿಕೊಂಡಿರುತ್ತೆ. ವಿಜಯಪುರದ ಬಿಸಿಲೂ ಎಂಜಿನ್ ಕಾವೂ ಸೇರಿದರೆ ಪೈಪಿನಲ್ಲೇ ಪೆಟ್ರೋಲ್ ಹಬೆಯಾಗುತ್ತೆ. ಹಬೆ ಎಳೆಯೋಕೆ ಪಂಪಿಗೆ ಬರಲ್ಲ. ಮದ್ದು ಸುಲಭ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬೇಕು. ಬಟ್ಟೆಗೆ ನನ್ನ ಟವೆಲ್ ಇತ್ತು. ನೀರಿನ ಕ್ಯಾನ್ ಮಾತ್ರ ಮನೆಯ ಕಟ್ಟೆ ಮೇಲೆ. ಇಟ್ಟು ಮರೆತವನು ನಾನೇ.

“ಅವ್ವಾ, ಮಜ್ಜಿಗಿ ಕೊಡು.”

“ನೀರಡಿಸ್ಯಾವೇನೋ?”

“ನನಗಲ್ಲ, ಗಾಡಿಗೆ.”

ಅವ್ವ ತಂಬಿಗೆ ಕೊಡುತ್ತಾ, “ಒಗ್ಗರಣಿ ಹಾಕೀನಿ, ನಡೀತದೇನು?” ಅಂದಳು.

ನಡೀತು. ಹತ್ತು ನಿಮಿಷಕ್ಕೆ ಗಾಡಿ ಚಾಲು. ಆದರೆ ಬಾಗಲಕೋಟೆ ಮುಟ್ಟುವ ತನಕ ಇಂಗು, ಬಳ್ಳೊಳ್ಳಿ ಘಮಘಮ. ಮದುವೆಮನೆ ಹುಡುಗರು ಬಾನೆಟ್ ಮೂಸಿ, “ಮಾಮಾ, ಊಟ ಇದರಾಗೇ ತಂದೀರೇನು?” ಅಂದರು.

ಮಾರುತಿಗೆ ಈ ಉಪಚಾರ ಬೇಡ. ಪಂಪು ಟ್ಯಾಂಕಿನೊಳಗೇ ಇದೆ, ಕರೆಂಟಿನದು. ಬೆಳಿಗ್ಗೆ ಚೋಕ್ ಎಳೆಯೋದೂ ಇಲ್ಲ. ಒಮ್ಮೆ ಮಾತ್ರ ನಿಂತಿತ್ತು, ಇಲಿ ವೈರ್ ಕಡಿದಿತ್ತು. ನಾನು ರೂಢಿಯಂತೆ ಬಾನೆಟ್ ಎತ್ತಿ ಒದ್ದೆ ಟವೆಲ್ ಹೊದಿಸಿ ಕೂತಿದ್ದೆ. ಮಿಸ್ತ್ರಿ ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿ, “ಜ್ವರಾ ಬಂದಾವೇನ್ರಿ ಇದಕ್ಕ?” ಅಂದ.

ಒಂದು 1089 ಸಿಸಿ, ಇನ್ನೊಂದು 796. ಆ ವ್ಯತ್ಯಾಸ ನನ್ನ ಕೈಗೆ ಗೊತ್ತಾಗಲ್ಲ. ಕೈಗೆ ಗೊತ್ತಿರೋದು ಗೇರು. ಎರಡಕ್ಕೂ ನಾಲ್ಕೇ. ಆದರೆ ಫಿಯಟ್ಟಿನ ಗೇರ್ ಹಿಡಿ ಸ್ಟೇರಿಂಗ್ ಹತ್ತಿರ, ಎಡಗಡೆ. ಮಾರುತಿಯಲ್ಲಿ ಅದೇ ಕಡೆ ವೈಪರಿನ ಕಡ್ಡಿ.

ಗಾಂಧಿ ಚೌಕದಲ್ಲಿ, ಮಧ್ಯಾಹ್ನ ಎರಡಕ್ಕೆ, ಮಾರುತಿಗೆ ಸೆಕೆಂಡ್ ಗೇರ್ ಹಾಕಿದೆ. ಒಣ ಗಾಜಿನ ಮೇಲೆ ವೈಪರ್ ಕಿರ್ರ್ ಕಿರ್ರ್ ಅಂತ ಶುರುವಾಯಿತು. ಟ್ರಾಫಿಕ್ ಪೊಲೀಸರು ಸೀಟಿ ಬಾಯಲ್ಲೇ ಹಿಡಿದು ಮೋಡ ಹುಡುಕಿದರು. ಆಫ್ ಮಾಡುವ ಗಡಿಬಿಡಿಯಲ್ಲಿ ಕಡ್ಡಿ ಎಳೆದೆ. ಗಾಜು ತೊಳೆಯುವ ನೀರು ಮೇಲಕ್ಕೆ ಚಿಮ್ಮಿ, ಪಕ್ಕದ ಸ್ಕೂಟರಿನ ಕಾಕಾನ ಮೇಲೆ ನಾಲ್ಕು ಹನಿ ಬಿತ್ತು.

ಬೈಗುಳಕ್ಕೆ ತಯಾರಾಗಿ ಗಾಜು ಇಳಿಸಿದೆ. ಕಾಕಾ ಅಂಗೈ ಚಾಚಿ ಆಕಾಶ ನೋಡುತ್ತಿದ್ದರು.

“ಬಂತು ನೋಡ್ರಿ,” ಅಂದರು.