ಅಂಟಿಸಬೇಡಿ, ಬಿಚ್ಚಬೇಡಿ, ನೋಡಲೂಬೇಡಿ

ಗೋಡೆಗೆ ಅಂಟಲೆಂದೇ ಹುಟ್ಟಿದ ವಸ್ತು ಹಳೇ ಸಿನಿಮಾ ಪೋಸ್ಟರ್. ಹೇಳಿದ ಕೆಲಸ ಮಾಡಿ, ಗೋಡೆಗೆ ಅಂಟಿ, ಮಳೆಯಲ್ಲಿ ನೆಂದು ಹರಿದು ಹೋದದ್ದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಕೆಲಸ ಕದ್ದು ಯಾವುದೋ ಮೂಲೆಯಲ್ಲಿ ಬೆಚ್ಚಗೆ ಬಿದ್ದುಕೊಂಡಿತ್ತಲ್ಲ, ಅದಕ್ಕೆ ಈಗ ಮನೆ ಮಾರಿ ಕೊಳ್ಳುವಷ್ಟು ಬೆಲೆ. ಸೋಮಾರಿಗೆ ಇಷ್ಟು ದೊಡ್ಡ ಸನ್ಮಾನ ಬೇರೆ ಎಲ್ಲೂ ಸಿಗಲಿಕ್ಕಿಲ್ಲ.

ನನ್ನ ಗೆಳೆಯನೊಬ್ಬನಿಗೆ ಇಂಥ ಪೋಸ್ಟರ್ ಕೂಡಿಡುವ ಹುಚ್ಚು ಹತ್ತಿದೆ. ಮೊನ್ನೆ ತನ್ನಲ್ಲಿರುವುದರಲ್ಲೇ ಅಪರೂಪದ್ದನ್ನು ತೋರಿಸುತ್ತೇನೆ ಅಂದ. ಮೊದಲು ಕಿಟಕಿ ಮುಚ್ಚಿದ. ಕೈಗವಸು ಹಾಕಿಕೊಂಡ. ನನ್ನ ಜೇಬಿನಲ್ಲಿದ್ದ ಪೆನ್ನು ಕಿತ್ತು ಪಕ್ಕದ ಕೋಣೆಯಲ್ಲಿಟ್ಟು ಬಂದ. ಆಮೇಲೆ ಅಗಲವಾದ ಡ್ರಾಯರ್ ಎಳೆದು, ಮಗುವಿನ ಮೇಲಿನ ಹೊದಿಕೆ ಸರಿಸುವ ಹಾಗೆ ಮೇಲಿನ ಹಾಳೆ ಸರಿಸಿದ. 27 ಅಂಗುಲ ಅಗಲ, 41 ಅಂಗುಲ ಉದ್ದ. ಈ ಮಂದಿ ಇದನ್ನು ‘ಒನ್ ಶೀಟ್’ ಅನ್ನುತ್ತಾರೆ. ಬೀದಿಯ ಆಚೆ ಬದಿಯಿಂದಲೂ ಕಾಣಬೇಕು ಅಂತ ಬಳಿದ ಹಳದಿ, ಕೆಂಪು. ಬನ್ನಿ, ನೋಡಿ, ಬೆಚ್ಚಿಬೀಳಿ ಅಂತ ಅರಚುವ ಅಕ್ಷರ. ಅರ್ಧ ನಿಮಿಷವೂ ಆಗಿಲ್ಲ, ‘ಸಾಕು, ಬೆಳಕು ತಾಗುತ್ತೆ’ ಅಂತ ಮುಚ್ಚಿಬಿಟ್ಟ. ಪಾಪ, ಪೋಸ್ಟರ್‌ನಲ್ಲಿದ್ದ ಆ ರಾಕ್ಷಸ ಈಗ ಡ್ರಾಯರ್‌ನ ಕತ್ತಲೆಯಲ್ಲಿ ಯಾರನ್ನು ಹೆದರಿಸುತ್ತಾನೋ!

‘ಸಿನಿಮಾ ಹೇಗಿದೆ?’ ಅಂತ ಕೇಳಿದೆ.

‘ಯಾವ ಸಿನಿಮಾ?’ ಅಂದ.

ಅವನದೇನೂ ತಪ್ಪಿಲ್ಲ ಬಿಡಿ. ಈ ಲೋಕದಲ್ಲಿ ಸಿನಿಮಾ ಇರಲೇಬೇಕು ಅಂತೇನಿಲ್ಲ. 1927ರ ‘ಲಂಡನ್ ಆಫ್ಟರ್ ಮಿಡ್‌ನೈಟ್’ ನೋಡಿ. ಅದರ ಗೊತ್ತಿದ್ದ ಕೊನೆಯ ಪ್ರತಿ 1965ರಲ್ಲಿ ಎಂಜಿಎಂ ಸ್ಟುಡಿಯೋದ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಇವತ್ತು ಬದುಕಿರುವ ಯಾರೂ ಅದನ್ನು ಪೂರ್ತಿ ನೋಡುವ ಹಾಗಿಲ್ಲ. ಅದರ ಪೋಸ್ಟರ್ 2014ರ ಹರಾಜಿನಲ್ಲಿ 4,78,000 ಡಾಲರ್‌ಗೆ ಹೋಯಿತು. ಮದುವೆ ಮುಗಿದು, ಛತ್ರ ಸುಟ್ಟು, ಗಂಡು ಹೆಣ್ಣು ಯಾರು ಅನ್ನುವುದೇ ಮರೆತುಹೋದ ಮೇಲೆ, ಕರೆಯೋಲೆಗೆ ಜನ ಮುಗಿಬಿದ್ದ ಹಾಗೆ. ಒಂದು ಲಾಭ ಉಂಟು: ಪೋಸ್ಟರ್‌ನಷ್ಟು ಸಿನಿಮಾ ಚೆನ್ನಾಗಿಲ್ಲ ಅಂತ ಯಾರೂ ಮೂಗು ಮುರಿಯುವ ಹಾಗಿಲ್ಲ.

ಗೆಳೆಯನ ಕನಸಿನ ಪಟ್ಟಿ ಕೇಳಿದರೆ ಜೋಗುಳದ ಹಾಗೆ ಹಾಡುತ್ತಾನೆ. 1931ರ ‘ಡ್ರಾಕುಲಾ’, 2017ರಲ್ಲಿ 5,25,800 ಡಾಲರ್. ‘ಮೆಟ್ರೊಪೊಲಿಸ್’, 2005ರಲ್ಲಿ 6,90,000 ಡಾಲರ್. ‘ಇಡೀ ಪ್ರಪಂಚದಲ್ಲಿ ಈ ಪೋಸ್ಟರ್‌ದು ನಾಲ್ಕೇ ಪ್ರತಿ ಗೊತ್ತಿರೋದು’ ಅನ್ನುವಾಗ ಅವನ ಕಣ್ಣಲ್ಲಿ ನೀರು. ದುಃಖದ ನೀರು ಅಂದುಕೊಂಡೆ. ಅಲ್ಲ, ಹೆಮ್ಮೆಯದು. ಐದನೆಯದು ಸಿಕ್ಕಿದರೆ ಅದೇ ಚಿತ್ರ, ಅದೇ ಬಣ್ಣ, ಅದೇ ಚೆಂದ. ಬೆಲೆ ಮಾತ್ರ ಇಳಿಯುತ್ತದೆ. ಆಗ ನೋಡಿ ನಿಜವಾದ ದುಃಖ. ಹಾಗಾಗಿ ಇವರಲ್ಲಿ ಒಬ್ಬೊಬ್ಬರೂ ದಿನಾ ಎರಡು ಪ್ರಾರ್ಥನೆ ಮಾಡುತ್ತಾರೆ. ನನ್ನ ಅಟ್ಟದಲ್ಲಿ ಒಂದು ಸಿಗಲಿ. ಉಳಿದವರ ಅಟ್ಟಕ್ಕೆ ಗೆದ್ದಲು ಹಿಡಿಯಲಿ.

ಅಟ್ಟದ ಆಸೆ ಸುಮ್ನೆ ಹುಟ್ಟಿದ್ದಲ್ಲ. ಪೆನ್ಸಿಲ್ವೇನಿಯಾದ ಬರ್ವಿಕ್‌ನಲ್ಲಿ ವಾಲ್‌ಪೇಪರ್ ಗೋಂದಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದ ಪೋಸ್ಟರ್‌ಗಳ ದಪ್ಪ ಕಟ್ಟು ಅಟ್ಟದಲ್ಲಿ ಸಿಕ್ಕಿತು. ಬಿಡಿಸಿದರೆ 33. ಹರಾಜಾಗಿದ್ದು 2012ರಲ್ಲಿ, ಒಟ್ಟು 5 ಲಕ್ಷ ಡಾಲರ್‌ಗೂ ಜಾಸ್ತಿಗೆ. ಅಂದಿನಿಂದ ನನ್ನ ಗೆಳೆಯ ಸಾವಿನ ಮನೆಗೆ ಹೋದರೂ ತಲೆ ಬಗ್ಗಿಸುವುದಿಲ್ಲ. ಸಮಾಧಾನ ಹೇಳುತ್ತಲೇ ಸೂರಿನ ಕಡೆ ಕಣ್ಣು ಹಾಯಿಸುತ್ತಾನೆ.

ಕಾಗದದ ಮಡಿಕೆಯ ಕಥೆ ಇನ್ನೂ ಮಜಾ. 1980ರ ದಶಕದ ಶುರುವಿನವರೆಗೂ ಅಮೆರಿಕದ ಹೆಚ್ಚಿನ ಪೋಸ್ಟರ್‌ಗಳನ್ನು ಮಡಚಿಯೇ ಥಿಯೇಟರ್‌ಗೆ ಕಳಿಸುತ್ತಿದ್ದರು. ಹಾಗಾಗಿ ಮಡಿಕೆ ಇಲ್ಲದಿದ್ದರೆ ಇವರಿಗೆ ನಕಲಿಯೇನೋ ಅಂತ ಅನುಮಾನ. ಮಡಿಕೆ ಇದ್ದರೆ ಬೇಸರ. ಕೊನೆಗೆ ಹಣ ಕೊಟ್ಟು ಬಟ್ಟೆಯ ಮೇಲೆ ಕೂರಿಸಿ, ಮಡಿಕೆ ಕಾಣದ ಹಾಗೆ ಬಣ್ಣ ತುಂಬಿಸಿ, ‘ಮುಂಚೆ ಇಲ್ಲಿ ಮಡಿಕೆ ಇತ್ತು’ ಅಂತ ಬೆರಳಿಟ್ಟು ತೋರಿಸುತ್ತಾರೆ.

ಒಂದೊಂದು ಸಲ ಗಾಳಿ ಇಳಿಯುವುದೂ ಉಂಟು. 1932ರ ‘ದಿ ಮಮ್ಮಿ’ ಪೋಸ್ಟರ್‌ಗೆ 2018ರಲ್ಲಿ 10 ಲಕ್ಷ ಡಾಲರ್ ಮೇಲೆಯೇ ಸಿಗುತ್ತದೆ ಅಂತ ಡಂಗುರ ಹೊಡೆದರು. ಕೊಳ್ಳುವವರೇ ಇಲ್ಲ. ಮಮ್ಮಿ ವಾಪಸ್ ಪೆಟ್ಟಿಗೆಗೆ.

ಆದರೆ ನನಗೆ ತುಂಬಾ ಇಷ್ಟವಾದದ್ದು ಒಂದು ಸಾಲು. 1940ರಿಂದ ಮುಂದೆ ಹಲವು ದಶಕ ಅಮೆರಿಕದ ಪೋಸ್ಟರ್ ಹಂಚುತ್ತಿದ್ದದ್ದು ನ್ಯಾಷನಲ್ ಸ್ಕ್ರೀನ್ ಸರ್ವಿಸ್. ಆ ಕಾಲದ ಎಷ್ಟೋ ಪೋಸ್ಟರ್‌ಗಳ ಕೆಳ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ಇದು ಕಂಪನಿಯ ಸ್ವತ್ತು, ಪ್ರದರ್ಶನ ಮುಗಿದ ತಕ್ಷಣ ವಾಪಸ್ ಕೊಡತಕ್ಕದ್ದು ಅಂತ ಅಚ್ಚಾಗಿದೆ. ಭೂತಗನ್ನಡಿ ಹಿಡಿದು ಮೂಲೆಯ ಪಿನ್ ತೂತು ಎಣಿಸುವ ಗೆಳೆಯನಿಗೆ ಇದನ್ನು ತೋರಿಸಿದೆ. ಅವನು ಮೆಲ್ಲಗೆ ಡ್ರಾಯರ್ ಮುಚ್ಚಿದ. ಬೀಗ ಹಾಕಿದ. ಆಮೇಲೆ ಎದ್ದು ಹೋಗಿ ಬಾಗಿಲ ಚಿಲಕವನ್ನೂ ಹಾಕಿ ಬಂದ.